ಎಳ್ಳು ಬೆಲ್ಲ ಬಂತು, ಹಬ್ಬದ ಹೆಸರು ಮಾತ್ರ ಹೇಳುತ್ತಿಲ್ಲ

ಮಿಲ್ವಾಕಿ
5 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಪುಟ್ಟಿ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಮರಗಳ ಎಲೆ ಕೆಂಪಗಾಗುತ್ತಿವೆ, ಇನ್ನೊಂದು ತಿಂಗಳಿಗೆ ಎಲ್ಲ ಬೋಳು. ಬುಧವಾರ ಆಯುಧಪೂಜೆ ಮಾಡಿದೆ. ಕಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟ ಮೇಲೆ ಡೈಸ್ ಡಬ್ಬಿಗೂ ಇಟ್ಟೆ. ಅಮ್ಮನಿಗೆ ಹೇಳಬೇಡ. "ಚೌಕಾಬಾರ ಆಡೋಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ" ಅಂತ ಮತ್ತೆ ಶುರು ಮಾಡುತ್ತಾಳೆ.

ಆಫೀಸಿನ ಗೆಳೆಯನೊಬ್ಬ ದೀಪಾವಳಿಗೆ ದಾವಣಗೆರೆಗೆ ಹೊರಟಿದ್ದಾನೆ. ಈ ಪತ್ರ ಅವನ ಕೈಲಿ ಬರುತ್ತದೆ. ಜೊತೆಗೆ ಏಳು ದಾಳಗಳ ಒಂದು ಸೆಟ್ ಇದೆ. ಇಪ್ಪತ್ತು ಮುಖದ್ದರ ಮೇಲೆ ಕೆಂಪು ಕಂಡರೆ ಗಾಬರಿಯಾಗಬೇಡ, ಅದು ಪೂಜೆಯ ಕುಂಕುಮ.

ನಿನ್ನ ವಾಯ್ಸ್ ಮೆಸೇಜು ಮೂರು ಸಲ ಕೇಳಿದೆ. ಸಂಕ್ರಾಂತಿಗೆ ಬರುವಾಗ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ದಾಳ ಹಾಕಿ ಕಥೆಯ ಪಾತ್ರಗಳಾಗಿ ಆಡುವ ನಮ್ಮ ಆಟ) ಪುಸ್ತಕ ಯಾವುದು ತರಲಿ ಅಂದರೆ "ಎಲ್ಲಾ ತಗೊಂಡ್ಬಾ" ಅಂದುಬಿಟ್ಟೆಯಲ್ಲ! ಕಳೆದ ವರ್ಷ ಬಂದ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಒಂದೇ 384 ಪುಟ. ಅಡುಗೆಮನೆ ತಕ್ಕಡಿಯಲ್ಲಿಟ್ಟು ನೋಡಿದೆ, ಒಂದು ಕಿಲೋ ದಾಟಿತು. ಬೆಲೆ 50 ಡಾಲರ್. ಇನ್ನು ಆಟ ನಡೆಸುವ ಡಂಜನ್ ಮಾಸ್ಟರ್‌ದು ಬೇರೆ, ರಾಕ್ಷಸರದ್ದು ಬೇರೆ. ಎಲ್ಲ ತುಂಬಿಕೊಂಡರೆ ಅಪ್ಪನ ಸ್ವೆಟರ್ ಇಲ್ಲೇ ಉಳಿಯುತ್ತದೆ.

ಆದರೆ ನಾನು ಹಿಂದೆಮುಂದೆ ನೋಡುತ್ತಿರುವುದು ತೂಕಕ್ಕಲ್ಲ. ನಿನಗೆ ಕೊಡಬೇಕು ಅಂತ ನನ್ನ ಮನಸ್ಸಿನಲ್ಲಿರುವ ಪುಸ್ತಕ ಇನ್ನೂ ಬಂದಿಲ್ಲ. ಬರುತ್ತದೆ ಅಂತ ಕಂಪನಿಯವರು ಹೇಳಿಯೂ ಇಲ್ಲ. ಆದರೂ ಬರುತ್ತದೆ ಅಂತ ನನಗೆ ಅನ್ನಿಸುತ್ತಿದೆ. ಯಾಕೆ ಅಂತ ಹೇಳುತ್ತೇನೆ, ಕೇಳು.

ಈ ಆಟ ತರುವ ಕಂಪನಿ, ವಿಜರ್ಡ್ಸ್ ಆಫ್ ದಿ ಕೋಸ್ಟ್‌ನವರು ಹೊಸ ನಿಯಮಗಳನ್ನು ಪುಸ್ತಕಕ್ಕೆ ಹಾಕುವ ಮುಂಚೆ ಕೆಲವು ಪುಟಗಳನ್ನು ಪುಕ್ಕಟೆಯಾಗಿ ಬಿಡುತ್ತಾರೆ. ಅದಕ್ಕೆ ಅನ್‌ಅರ್ತ್ಡ್ ಅರ್ಕೇನಾ ಅಂತ ಹೆಸರು. ನಾವು ಆಡಿ ನೋಡಿ, ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಸರ್ವೆ ತುಂಬಬೇಕು. ಯಾವ ಪುಸ್ತಕಕ್ಕೆ ಅಂತ ಮಾತ್ರ ಎಷ್ಟೋ ಸಲ ಬಾಯಿ ಬಿಡುವುದಿಲ್ಲ. ಈ ವರ್ಷ ಮೇ ತಿಂಗಳಲ್ಲಿ ಸಯಾನ್ ಅನ್ನುವ ಹೊಸ ಕ್ಲಾಸ್, ಅಂದರೆ ಆಟದ ಪಾತ್ರದ ಹೊಸ ಬಗೆ, ಬಂತು. ದೇವರ ಹಂಗಿಲ್ಲ, ಮಂತ್ರ ಹಾಕುವುದೂ ಬರೀ ಮನಸ್ಸಿನ ಬಲದಿಂದ. ಆಗಸ್ಟಿನಲ್ಲಿ ಇನ್ನೊಂದು ಕಂತು. ಅದರಲ್ಲಿ ನಾಲ್ಕು ಸಬ್‌ಕ್ಲಾಸ್: ಗಿಡಮರ ಕಾಯುವ ಒಬ್ಬ ಡ್ರೂಯಿಡ್, ಕಣಕ್ಕಿಳಿದು ಹೊಡೆದಾಡುವ ಗ್ಲ್ಯಾಡಿಯೇಟರ್, ಸುತ್ತಲಿನ ಜೀವ ಹೀರಿ ಮಾಟ ಮಾಡುವ ಡಿಫೈಲ್ಡ್ ಸಾರ್ಸರರ್, ಮತ್ತೆ ಸಾರ್ಸರರ್-ಕಿಂಗ್ ಅನ್ನುವ ಮಾಟಗಾರ ರಾಜನಿಗೆ ತನ್ನನ್ನು ಒಪ್ಪಿಸಿಕೊಂಡ ವಾರ್ಲಾಕ್.

ಜನವರಿ ಮೊದಲ ವಾರ ನಮ್ಮ ಬೀದಿಯ ಅಂಗಡಿಗೆ ಎಳ್ಳು, ಅಚ್ಚುಬೆಲ್ಲ, ಕೊಬ್ಬರಿ, ಹುರಿಗಡಲೆ ಬಂದಿಳಿದರೆ ಯಾವ ಹಬ್ಬ ಅಂತ ಯಾರಾದರೂ ಕೇಳುತ್ತಾರಾ? ಹಂಗೇ ಇದು. ಡಿ ಅಂಡ್ ಡಿ ಕಥೆಗಳು ನಡೆಯುವ ಲೋಕಗಳು ಹಲವು, ಆದರೆ ಈ ನಾಲ್ಕೂ ಜೊತೆಗೆ ಸಯಾನೂ ಒಟ್ಟಿಗೆ ಇರುವ ಲೋಕ ಒಂದೇ: ಡಾರ್ಕ್ ಸನ್.

ಡಾರ್ಕ್ ಸನ್ ಮೊದಲು ಬಂದಿದ್ದು 1991ರಲ್ಲಿ, ದೊಡ್ಡ ಡಬ್ಬದಲ್ಲಿ. ಆಮೇಲೆ 2010ರಲ್ಲಿ ಒಂದು ಸಲ ಹೊಸದಾಗಿ ಬಂತು. ಅಲ್ಲಿಂದೀಚೆಗೆ ಸದ್ದಿಲ್ಲ. ಅದರ ಲೋಕದ ಹೆಸರು ಅಥಾಸ್. ಕಾಡು, ಹೊಳೆ ಇಲ್ಲವೆಂದೇ ಹೇಳಬೇಕು, ಕುದುರೆಯಿಲ್ಲ, ದೇವರೂ ಇಲ್ಲ. ಸಮುದ್ರದ ಜಾಗದಲ್ಲಿ ನೀರಿನ ಬದಲು ನುಣ್ಣನೆ ಧೂಳು. ಕಬ್ಬಿಣ ಎಷ್ಟು ಅಪರೂಪ ಅಂದರೆ ಮೂಳೆ, ಮರ, ಕಪ್ಪುಗಾಜಿನ ಕಲ್ಲಿನಲ್ಲಿ ಆಯುಧ ಮಾಡಿಕೊಳ್ಳುತ್ತಾರೆ. ನಾಣ್ಯ ಕೂಡ ಸುಟ್ಟ ಮಣ್ಣಿನದ್ದು. ನಮ್ಮ ಹಿತ್ತಲಿನ ತುಕ್ಕು ಹಿಡಿದ ಕುಡುಗೋಲು ಅಲ್ಲಿದ್ದರೆ ಅಪ್ಪ ದೊಡ್ಡ ಸಾಹುಕಾರರು! ಒಬ್ಬ ಮನುಷ್ಯನಿಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಮ್ಮಿ, ಅಂತ ಹಳೇ ನಿಯಮದಲ್ಲೇ ಬರೆದಿದೆ. ಸಿಗದಿದ್ದರೆ ಮೈಯಲ್ಲಿ ಕಸುವು ಇಳಿಯುತ್ತಾ ಬರುತ್ತದೆ. ಕತ್ತಿಯೇಟಿಗಿಂತ ಜಾಸ್ತಿ ಜನ ದಾಹಕ್ಕೆ ಸಾಯುವ ಆಟ ಅದು.

ಲೋಕ ಹೀಗೆ ಆಗಿದ್ದು ಮಾಟದಿಂದ. ಅಥಾಸ್‌ನಲ್ಲಿ ಮಾಟಗಾರ ಮಂತ್ರ ಹಾಕಬೇಕಾದರೆ ಸುತ್ತಲಿನ ಗಿಡಗಳ ಜೀವ ಎಳೆದುಕೊಳ್ಳಬೇಕು. ತಾಳ್ಮೆಯಿಂದ, ಗಿಡ ಉಳಿಯುವ ಹಾಗೆ ಎಳೆದುಕೊಳ್ಳುವವರು ಪ್ರಿಸರ್ವರ್‌ಗಳು. ಅವಸರದಲ್ಲಿ ಪೂರಾ ಹೀರುವವರು ಡಿಫೈಲರ್‌ಗಳು. ಅವರು ನಿಂತ ಜಾಗದಲ್ಲಿ ಬೂದಿ ಮಾತ್ರ ಉಳಿಯುತ್ತದೆ, ವರ್ಷಗಟ್ಟಲೆ ಹುಲ್ಲು ಹುಟ್ಟುವುದಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಮೇಲಿನ ಹೊಲದ ಬೋರು. ನಿನಗೆ ನೆನಪಿದೆಯಾ? ನಾನು ಪಿಯುಸಿಯಲ್ಲಿದ್ದೆ, ನೀನು ಇನ್ನೂ ಚಿಕ್ಕವಳು. ರಾತ್ರಿ ಲಾರಿ ಬಂತು. ನೀರು ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ಜಾಗ ತೋರಿಸಿದ್ದ. ಮುನ್ನೂರು ಅಡಿಗೆ ಮಣ್ಣು ಸ್ವಲ್ಪ ಹಸಿಯಾಗಿ ಬಂತು. ಅಪ್ಪ ಅದನ್ನು ಕೈಯಲ್ಲಿ ತೆಗೆದುಕೊಂಡು ಮೂಸಿ ನೋಡಿದರು. ಆಮೇಲೆ ಏಳುನೂರು ಅಡಿವರೆಗೂ ಬಂದಿದ್ದು ಬರೀ ಕಲ್ಲಿನ ಹುಡಿ. ಬೆಳಗ್ಗೆ ಸುತ್ತಲಿನ ಶೇಂಗಾ ಗಿಡಗಳೆಲ್ಲ ಬೂದಿ ಬಳಿದುಕೊಂಡ ಹಾಗಿದ್ದವು. ಎಲೆ ಯಾವುದು, ಮಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ. ನೀನು ಬೆರಳಿನಿಂದ ಒಂದು ಎಲೆಯ ಮೇಲೆ ನಿನ್ನ ಹೆಸರು ಬರೆದೆ. ಅದಾದ ಮೇಲೆ ಕೆಳಗಿನ ಹೊಲದವರು ಎಂಟುನೂರು ಅಡಿ ಕೊರೆಸಿದರು. ಅವರಿಗೆ ನೀರು ಸಿಕ್ಕಿತು, ಆಚೆಯವರ ಬಾವಿ ನಿಂತಿತು.

ನಮ್ಮ ಟೇಬಲ್ಲಿನಲ್ಲಿ ಐದು ಜನ ಆಡುತ್ತೇವೆ. ಉಳಿದ ನಾಲ್ಕು ಜನಕ್ಕೆ ನೀರಿನ ಲೆಕ್ಕ ಇಡುವುದು ಅಂದರೆ ತಲೆನೋವು. ತಪ್ಪು ಅವರದ್ದಲ್ಲ ಬಿಡು. ಇಲ್ಲಿ ಊರ ಪಕ್ಕದಲ್ಲೇ ಮಿಷಿಗನ್ ಸರೋವರ ಇದೆ, ಆಚೆ ದಡ ಕಾಣುವುದಿಲ್ಲ. ಅವರಿಗೆ ಇದು ಕಲ್ಪನೆಯ ಲೋಕ. ನಮಗೆ ಚಳ್ಳಕೆರೆ ದಾಟಿ ಹೋಗುವ ದಾರಿ. 2022ರಲ್ಲಿ ಮಾರಿಕಣಿವೆ 89 ವರ್ಷದ ಮೇಲೆ ಕೋಡಿ ಬಿದ್ದಾಗ ಜನ ಜಾತ್ರೆಗೆ ಹೋದ ಹಾಗೆ ಹೋದರಲ್ಲ, ಅದನ್ನು ಇವರಿಗೆ ಹೇಳಿದೆ. "ಕಟ್ಟೆ ತುಂಬಿದ್ದನ್ನು ನೋಡೋಕೆ ಅಷ್ಟು ಜನಾನಾ?" ಅಂತ ಕೇಳಿದರು.

ಈಗ ನನ್ನ ಅನುಮಾನಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು, ಸುಳಿವು ಕೊಟ್ಟಿದ್ದೆಲ್ಲ ಪುಸ್ತಕ ಆಗುವುದಿಲ್ಲ. 2017ರಲ್ಲಿ ಮಿಸ್ಟಿಕ್ ಅಂತ ಇದೇ ಥರದ ಮನೋಬಲದ ಕ್ಲಾಸನ್ನು ಪೂರ್ತಿ ಇಪ್ಪತ್ತು ಲೆವೆಲ್ಲಿಗೆ ಬಿಟ್ಟಿದ್ದರು. ಆಗಲೂ ಎಲ್ಲರೂ ಡಾರ್ಕ್ ಸನ್ ಬಂತು ಅಂತ ಕುಣಿದರು. ಮಿಸ್ಟಿಕ್ಕೇ ಮೂಲೆ ಸೇರಿತು. ಎರಡನೆಯದು, ಆಟದಲ್ಲಿ ಮುಖ್ಯರಾಗಿದ್ದ ಕ್ರಿಸ್ ಪರ್ಕಿನ್ಸ್, ಜೆರೆಮಿ ಕ್ರಾಫರ್ಡ್ ಇಬ್ಬರೂ ಈ ವರ್ಷ ಕಂಪನಿ ಬಿಟ್ಟರು. ಹೊಸಬರ ರುಚಿ ಏನು ಅಂತ ಹೊಸ ಪುಸ್ತಕಗಳು ಬಂದ ಮೇಲೇ ತಿಳಿಯಬೇಕು.

ಮೂರನೆಯದೇ ದೊಡ್ಡದು. ಅಥಾಸ್‌ನಲ್ಲಿ ಗುಲಾಮರಿದ್ದಾರೆ. ಊರಿನ ಗೋಡೆ ಕಟ್ಟುವವರು, ಕಣದಲ್ಲಿ ಸಾಯುವವರು ಎಲ್ಲ ಅವರೇ. ಈ ಲೋಕದಲ್ಲಿ ತೊಂದರೆಯ ವಿಷಯಗಳಿವೆ, ಅದಕ್ಕೇ ಮುಟ್ಟಿಲ್ಲ ಅಂತ ಕಂಪನಿ ಕಡೆಯವರೇ 2023ರಲ್ಲಿ ಹೇಳಿದ್ದರು. ಅವರ ಭಯ ನನಗೆ ಅರ್ಥವಾಗುತ್ತದೆ. ಮಜಾಕ್ಕೆ ಸಂಕೋಲೆ ತೋರಿಸುವ ಪುಸ್ತಕ ನನಗೂ ಬೇಡ. ಆದರೆ ಪೂರಾ ಅಳಿಸಿಹಾಕಿದರೆ ಗ್ಲ್ಯಾಡಿಯೇಟರ್ ದಂಗೆ ಏಳುವುದಾದರೂ ಯಾತಕ್ಕೆ? ದುಷ್ಟತನ ದುಷ್ಟರ ಕೈಲಿರಲಿ, ಅದನ್ನು ಮುರಿಯುವ ಕೆಲಸ ಆಟಗಾರರಿಗೆ ಕೊಡಲಿ. ನೀರಿನ ನಿಯಮವಂತೂ ಇರಲೇಬೇಕು. ಅದನ್ನು "ಬೇಕಿದ್ದರೆ ಬಳಸಿ" ಅಂತ ಕೊನೇ ಪುಟಕ್ಕೆ ತಳ್ಳಿದರೆ ನಾನು ದುಡ್ಡು ಕೊಡುವುದಿಲ್ಲ. ಸುಮ್ನೆ ಹೇಳುತ್ತಿದ್ದೇನೆ, ಕೊಟ್ಟೇ ಕೊಡುತ್ತೇನೆ.

ನನ್ನ ಲೆಕ್ಕ ಹೀಗಿದೆ. ಮೊದಲು ರೇವನ್‌ಲಾಫ್ಟ್ ಬರುತ್ತದೆ, ಯಾಕೆಂದರೆ ದೆವ್ವಭೂತದ ಸಬ್‌ಕ್ಲಾಸ್‌ಗಳು ಮೇ ತಿಂಗಳಲ್ಲೇ ಬಂದು ಹೋದವು. ಅದು ಮಂಜು, ಕೋಟೆ, ರಕ್ತ ಕುಡಿಯುವ ದೊರೆ ಇರುವ ಲೋಕ, ನಮ್ಮ ಸೀನನಿಗೆ ಸರಿಯಾಗಿದೆ. ಡಾರ್ಕ್ ಸನ್ ಅದರ ಹಿಂದೆ. 2026ರ ಕೊನೆಗೆ ಮುಂಚೆ ಪುಸ್ತಕ ಕೈಗೆ ಬಂದರೆ ಟೇಬಲ್ಲಿನ ಎಲ್ಲರಿಗೂ ಬಿಸಿಬೇಳೆ ಬಾತ್ ಮಾಡಿ ಹಾಕುತ್ತೇನೆ ಅಂತ ಬಾಜಿ ಕಟ್ಟಿದ್ದೇನೆ. ನಾನು ಸೋಲಲಿ ಅಂತ ನಾನೇ ಹಾರೈಸುತ್ತಿರುವ ಬಾಜಿ ಇದೊಂದೇ.

ಆದ್ದರಿಂದ ಈ ಸಲ ನಿನಗೆ ಒಂದೇ ಡಬ್ಬ. ಹೀರೋಸ್ ಆಫ್ ದಿ ಬಾರ್ಡರ್‌ಲ್ಯಾಂಡ್ಸ್ ಅಂತ ಹೊಸ ಸ್ಟಾರ್ಟರ್ ಸೆಟ್, ಹೋದ ತಿಂಗಳು ಬಂತು. ದಪ್ಪ ಪುಸ್ತಕ ಓದುವ ಕಷ್ಟವಿಲ್ಲ, ಆಯುಧ, ಮಂತ್ರ ಎಲ್ಲ ಕಾರ್ಡಿನಲ್ಲೇ ಇವೆ. ಮೂರು ಲೆವೆಲ್ ತನಕ ಆಡಬಹುದು. ದೊಡ್ಡಪ್ಪನ ಮಕ್ಕಳಿಗೆ ಅಷ್ಟು ಸಾಕು. ನವೆಂಬರಿನಲ್ಲಿ ಫರ್ಗಾಟನ್ ರೆಲ್ಮ್ಸ್ ಅನ್ನುವ ಇನ್ನೊಂದು ಲೋಕದ ಎರಡು ಪುಸ್ತಕ, ಡಿಸೆಂಬರಿನಲ್ಲಿ ಎಬೆರಾನ್ ಲೋಕದ್ದು ಬರುತ್ತವೆ. ಎಬೆರಾನ್ ಆಗಸ್ಟಿಗೇ ಬರಬೇಕಿತ್ತು, ಮುಂದಕ್ಕೆ ಹಾಕಿದರು. ಅವು ನಿನಗೆ ಈಗ ಬೇಡ. ಮೂಲ ನಿಯಮಗಳನ್ನು ಏಪ್ರಿಲ್‌ನಲ್ಲಿ ಪುಕ್ಕಟೆಯಾಗಿ ಬಿಟ್ಟಿದ್ದಾರೆ, ಪಿಡಿಎಫ್ ಕಳಿಸಿದ್ದೇನೆ. ಅದನ್ನು ಓದಿಟ್ಟುಕೊ.

ಅಪ್ಪನಿಗೆ ಒಂದು ವಿಷಯ ಹೇಳು. ಈ ಆಟ ಹುಟ್ಟಿದ ಲೇಕ್ ಜಿನೀವಾ ನಮ್ಮಿಂದ ಒಂದು ಗಂಟೆ ದಾರಿ. ಮೊನ್ನೆ ಹೋಗಿದ್ದೆ. ಆಟ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿ ಕೆಲಸ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಬೂಟು ರಿಪೇರಿ ಮಾಡುತ್ತಿದ್ದನಂತೆ. 1974ರಲ್ಲಿ ಮೊದಲು ಅಚ್ಚು ಹಾಕಿಸಿದ್ದು 1000 ಪ್ರತಿ. "ಇದರಿಂದ ಹೊಟ್ಟೆ ತುಂಬುತ್ತಾ" ಅಂತ ಅಪ್ಪ ಕೇಳಿದ್ದರಲ್ಲ, ಅವನಿಗೂ ಆಗ ಗೊತ್ತಿರಲಿಲ್ಲ.

ಪುಸ್ತಕ ಬರುವವರೆಗೂ ಕಾಯಬೇಕಾಗಿಲ್ಲ ಅಲ್ವಾ? ಸಂಕ್ರಾಂತಿಗೆ ಬಂದಾಗ ಜಗಲಿ ಮೇಲೆ ನಮ್ಮದೇ ಒಂದು ಬರಗಾಲದ ಆಟ ಆಡಿಸುತ್ತೇನೆ. ಒಂದು ಊರು, ಒಂದು ಮುಚ್ಚಿದ ಬಾವಿ, ಒಬ್ಬ ಕೆಟ್ಟ ಮಾಟಗಾರ. ನಿನ್ನ ಫೈಟರ್ ಕೈಗೆ ಕತ್ತಿ ಕೊಡುವುದಿಲ್ಲ, ಒನಕೆ ಕೊಡುತ್ತೇನೆ. ದುರ್ಗದ ಕಿಂಡಿ ಹತ್ತಿರ ನಿಂತು "ಓಬವ್ವ ಇಷ್ಟು ಜಾಗದಲ್ಲಿ ಹೆಂಗೆ ಬೀಸಿದಳು" ಅಂತ ನೀನೇ ಕೇಳಿದ್ದೆ. ಅದನ್ನು ಆಡಿಯೇ ನೋಡೋಣ.

ನಿನಗೊಂದು ಕೆಲಸ. ಮೇಲಿನ ಹೊಲಕ್ಕೆ ಹೋಗಿ ಆ ಒಣ ಬೋರಿನ ಫೋಟೋ ತೆಗೆದು ಕಳಿಸು. ಕೇಸಿಂಗ್ ಪೈಪಿನ ಬಾಯಿಗೆ ಅಪ್ಪ ಚಪ್ಪಡಿ ಕಲ್ಲು ಮುಚ್ಚಿದ್ದರಲ್ಲ, ಇನ್ನೂ ಇದೆಯಾ ನೋಡು. ಕಲ್ಲು ಸರಿಸಬೇಡ, ದೂರದಿಂದಲೇ ತೆಗೆ. ನಕ್ಷೆಗೆ ಬೇಕು. ಊರಿಗೆ ಹೆಸರು ನೀನೇ ಇಡು.

ಇಂತಿ ನಿನ್ನ
ಅಣ್ಣ

ಮರೆತಿದ್ದೆ: ಶೇಂಗಾ ಚಟ್ನಿಪುಡಿ ಹೋದ ವಾರವೇ ಖಾಲಿ. ಗೆಳೆಯ ವಾಪಸ್ ಬರುವಾಗ ಅವನ ಕೈಲಿ ಅರ್ಧ ಕಿಲೋ ಕಳಿಸು ಅಂತ ಅಮ್ಮನಿಗೆ ಹೇಳು. ಡೈಸಿನ ವಿಷಯ ಹೇಳಬೇಡ.