ಕರಗುವ ಗಡಿಯಾರಗಳನ್ನು ಮೊದಲು ಎಣಿಸಿ

ಮಾನ್ಯರೇ,

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ 1931ರ ‘ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ’ ಚಿತ್ರದ ಕರಗುವ ಗಡಿಯಾರಗಳನ್ನು ಕಂಡೊಡನೆ ‘ಐನ್‌ಸ್ಟೈನ್, ಸಾಪೇಕ್ಷತೆ, ಕಾಲ ಎಲ್ಲರಿಗೂ ಒಂದೇ ಅಲ್ಲ’ ಎಂದುಬಿಡುವುದು ರೂಢಿಯಾಗಿದೆ. ಆ ಗಡಿಯಾರಗಳ ಬಗ್ಗೆ ಡಾಲಿ ಹೇಳಿದ್ದು ಬಿಸಿಲಿಗೆ ಕರಗಿದ ಕ್ಯಾಮೆಂಬರ್ ಎಂಬ ಮೆತ್ತನೆಯ ಚೀಸಿನ ಮಾತು! ಅರ್ಥಕ್ಕೆ ಹಾರುವ ಮುನ್ನ ಕಣ್ಣಿಗೆ ಕೆಲಸ ಕೊಡಬೇಕು.

ಗಡಿಯಾರಗಳು ನಾಲ್ಕು. ಮೂರು ಜೋತುಬಿದ್ದಿವೆ. ಮುಚ್ಚಳ ಮುಚ್ಚಿದ ಕಿತ್ತಳೆ ಬಣ್ಣದ ನಾಲ್ಕನೆಯದು ಮಾತ್ರ ಗಟ್ಟಿ, ಇರುವೆ ಮುತ್ತಿರುವುದೂ ಅದಕ್ಕೇ. ಡಾಲಿಯಲ್ಲಿ ಇರುವೆಯೆಂದರೆ ಕೊಳೆಯುವಿಕೆ. ಹಾಗಾದರೆ ಕೊಳೆಯುತ್ತಿರುವುದು ಗಟ್ಟಿ ಕಾಲವೇ? ಅರ್ಥ ಹುಡುಕಬೇಕಾದ್ದು ಇಲ್ಲಿ. ನೆಲದ ಮೇಲಿನ ಬಿಳುಚಿದ ಆಕೃತಿಯನ್ನು ತಲೆ ವಾಲಿಸಿ ನೋಡಿ: ಮೂಗು, ಮುಚ್ಚಿದ ಕಣ್ಣು, ಉದ್ದ ರೆಪ್ಪೆ. ಅದೊಂದು ನಿದ್ರಿಸುವ ಮುಖ. ಹಿಂದಿನ ಬಂಡೆಗಳಂತೂ ಸ್ಪೇನಿನ ಕೆಟಲೋನಿಯಾ ಕರಾವಳಿಯ ನಿಜವಾದ ಬಂಡೆಗಳು; ಅವು ಕರಗಿಲ್ಲ. ಮೂಲಚಿತ್ರ ಬರೀ 24x33 ಸೆಂ.ಮೀ., ದೊಡ್ಡ ಪೋಸ್ಟರ್‌ನಲ್ಲಿ ಆ ಆಪ್ತತೆ ಉಳಿಯುವುದಿಲ್ಲ.

– ಒಬ್ಬ ಕಲಾ ಶಿಕ್ಷಕ