ಹಳೇ ಸ್ಕೋಪ್ ತರುವವರ ಗಮನಕ್ಕೆ: ಪ್ಯಾರಲಾಕ್ಸ್

ಎಲ್ಲರಿಗೂ ನಮಸ್ಕಾರ. ಸ್ಮಾಲ್‌ಬೋರ್ ಸಿಲೂಯೆಟ್‌ಗೆ (.22 ರೈಫಲ್‌ನಿಂದ ಪ್ರಾಣಿ-ಪಕ್ಷಿ ಆಕಾರದ ಲೋಹದ ಗುರಿಗಳನ್ನು ಬೀಳಿಸುವ ಸ್ಪರ್ಧೆ) ಅನರ್ಟಲ್, ಲೈಮನ್ ಟಾರ್ಗೆಟ್‌ಸ್ಪಾಟ್‌ನಂಥ ಹಳೇ ರೈಫಲ್ ಸ್ಕೋಪ್ ತರ್ತಾ ಇರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಪ್ಯಾರಲಾಕ್ಸ್ ಅಂದರೆ, ಕಣ್ಣು ಸ್ವಲ್ಪ ಸರಿದರೂ ಕ್ರಾಸ್‌ಹೇರ್ (ಸ್ಕೋಪ್ ಒಳಗಿನ ಅಡ್ಡ-ಉದ್ದ ಗೆರೆ) ಗುರಿಯ ಮೇಲೆ ಜಾರಿದಂತೆ ಕಾಣೋದು.

ಅದನ್ನು ಸರಿ ಮಾಡೋ ಮುಂದಿನ ಲೆನ್ಸ್‌ನ ಬಳೆ ಮೇಲಿರುವ ದೂರದ ಗುರುತುಗಳನ್ನೇ ನಂಬಿಕೊಂಡು ಕೂರಬೇಡಿ. ಅವು ಗಜದಲ್ಲಿವೆ, ನಮ್ಮ ಗುರಿಗಳು ಮೀಟರ್‌ನಲ್ಲಿ: ಕೋಳಿ 40, ಹಂದಿ 60, ಟರ್ಕಿ 77, ಟಗರು 100. 100 ಮೀಟರ್ ಅಂದರೆ ಸುಮಾರು 109 ಗಜ.

ಮೊದಲು ಬೋಲ್ಟ್ ತೆಗೆದು, ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ ನೋಡಿ. ಆಮೇಲೆ ಖಾಲಿ ಆಕಾಶದ ಕಡೆ ನೋಡಿ, ಕ್ರಾಸ್‌ಹೇರ್ ಕಪ್ಪಗೆ ಚೂಪಾಗಿ ಕಾಣುವವರೆಗೆ ಐಪೀಸ್ (ಕಣ್ಣಿನ ಕಡೆಯ ಲೆನ್ಸ್) ತಿರುಗಿಸಿ ಬಿಗಿ ಮಾಡಿ. ಸೂರ್ಯನ ಕಡೆ ಮಾತ್ರ ಬೇಡ. ಈ ಕೆಲಸ ಬಿಟ್ಟರೆ ಮುಂದಿನದೆಲ್ಲ ಸುಮ್ನೆ.

ಈಗ ರೈಫಲನ್ನು ಮರಳಿನ ಚೀಲದ ಮೇಲಿಟ್ಟು, ಕೈ ತಾಗಿಸದೆ, ತಲೆಯನ್ನು ಮಾತ್ರ ಮೇಲೆ ಕೆಳಗೆ, ಅತ್ತ ಇತ್ತ ಆಡಿಸಿ. ಕ್ರಾಸ್‌ಹೇರ್ ಗುರಿಯ ಮೇಲೆ ಜಾರಿದರೆ ಬಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಚಿತ್ರ ಚೂಪಾಯ್ತು ಅಂತ ನಿಲ್ಲಿಸಬೇಡಿ, ಜಾರೋದು ನಿಂತಾಗ ನಿಲ್ಲಿಸಿ. ನಾಲ್ಕೂ ದೂರಕ್ಕೆ ಬಿಳಿ ಟೇಪ್ ಮೇಲೆ ನಿಮ್ಮದೇ ಗೆರೆ ಹಾಕಿಕೊಳ್ಳಿ.

ನಿಂತು ಹೊಡೆಯುವಾಗ ರೈಫಲ್ ಮೇಲೆ ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಲ್ಲ, ಕಣ್ಣೂ ಅದರ ಜೊತೆ ಸರಿಯುತ್ತೆ, ಅಲ್ವಾ? ಅದಕ್ಕೇ ಇಷ್ಟು ಹೇಳ್ತಿರೋದು. ಪ್ರತಿ ದೂರಕ್ಕೂ ಬಳೆ ತಿರುಗಿಸೋದು ಕಷ್ಟ ಅನ್ನಿಸಿದರೆ 77ಕ್ಕೆ ಇಟ್ಟುಬಿಡಿ, ಟರ್ಕಿಯೇ ಜಾಸ್ತಿ ಕಾಡೋದು. ಬಳೆ ಅಲುಗದಂತೆ ಹಿಡಿಯುವ ಲಾಕ್ ರಿಂಗ್ ಬಿಗಿ ಮಾಡೋದು ಮರೆಯಬೇಡಿ.