ಕಡತ ಓದದೆ ತೀರ್ಪು ಬೇಡ

ಮಾನ್ಯ ಸಂಪಾದಕರೇ,

ನಾಜಿ ಆಳ್ವಿಕೆಯ ಕಾಲದ ಯಹೂದಿ ಮಂಡಳಿಗಳನ್ನು (ಯಹೂದಿಗಳ ದಿನನಿತ್ಯದ ಆಡಳಿತಕ್ಕೆಂದು ನಾಜಿಗಳು ಯಹೂದಿಗಳಿಂದಲೇ ರಚಿಸಿದ್ದ ಸಮಿತಿಗಳನ್ನು) ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವು ಅಲ್ಲಿ ದುಡಿದವರನ್ನೆಲ್ಲ ‘ಕೈಗೊಂಬೆಗಳು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂರು ದಶಕ ಕೆಲಸ ಮಾಡಿ ನಿವೃತ್ತನಾದ ನನಗೆ ಇದು ನೋವು ತಂದಿತು.

ಪೋಲೆಂಡಿನ ಲೋಡ್ಜ್ ನಗರದ ಘೆಟ್ಟೊವನ್ನೇ, ಎಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯನ್ನೇ, ನೋಡಬಹುದು. 1940ರ ಏಪ್ರಿಲ್ 30ರಂದು ಸುಮಾರು 1,60,000 ಜನರನ್ನು ಬೇಲಿಯೊಳಗೆ ಕೂಡಿಹಾಕಿದ ಜರ್ಮನ್ನರು ಪಡಿತರ, ವಸತಿ, ದುಡಿಮೆಗಳ ಹೊಣೆಯನ್ನು ತಾವೇ ನೇಮಿಸಿದ್ದ ‘ಯಹೂದಿಗಳ ಹಿರಿಯ’ ಹಾಯಿಮ್ ರುಮ್ಕೋವ್‌ಸ್ಕಿಯ ಕಚೇರಿಗೆ ಹೊರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಆ ಕಚೇರಿಯಲ್ಲೊಂದು ದಾಖಲೆ ವಿಭಾಗ ತೆರೆಯಿತು. ಹಸಿವಿನಿಂದ ಕಂಗೆಟ್ಟಿದ್ದ ಪತ್ರಕರ್ತರೂ ವಿದ್ವಾಂಸರೂ ಅಲ್ಲಿ ಕೂತು, 1941ರ ಜನವರಿಯಿಂದ 1944ರ ಜುಲೈವರೆಗೆ, ಮೊದಲು ಪೋಲಿಷ್‌ನಲ್ಲಿ, ಆಮೇಲೆ ಜರ್ಮನ್‌ನಲ್ಲಿ, ಘೆಟ್ಟೊದ ದಿನಚರಿಯನ್ನು ಬರೆದಿಟ್ಟರು: ಅಂದಿನ ಹವೆ, ಸತ್ತವರು, ಹುಟ್ಟಿದವರು, ಬಂಧಿತರು, ಬಂದ ಆಲೂಗಡ್ಡೆ. ಜರ್ಮನ್ ಅಧಿಕಾರಿಗಳ ಕೈಗೆ ಸಿಕ್ಕರೆ ಜೀವಕ್ಕೇ ಕುತ್ತು ಎಂಬ ಅರಿವು ಅದರ ಸಾಲುಸಾಲಿನಲ್ಲೂ ಇದೆ. ಆ ಬಿಗಿದ ಭಾಷೆಯನ್ನು ನಿರ್ದಯತೆ ಎಂದು ಓದುವುದು ದೊಡ್ಡ ತಪ್ಪು.

1942ರ ಜನವರಿಯಿಂದ ಜನರನ್ನು ರೈಲಿನಲ್ಲಿ ಹೊರಸಾಗಿಸಿ, ಸುಮಾರು 70 ಕಿ.ಮೀ. ದೂರದ ಹೆಲ್ಮ್‌ನೊ ಎಂಬ ಹಳ್ಳಿಯ ಹತ್ಯಾಕೇಂದ್ರದಲ್ಲಿ ವಿಷಾನಿಲದ ವಾಹನಗಳೊಳಗೆ ಕೊಲ್ಲಲಾಯಿತು. ನಿವಾಸಿಗಳ ಪಟ್ಟಿಯಲ್ಲಿ ಅಂಥವರ ಹೆಸರಿನ ಮುಂದೆ ‘ಔಸ್ಗ್.’ ಎಂದಷ್ಟೇ ಇದೆ. ‘ಹೊರಸಾಗಿಸಲಾಯಿತು’ ಎಂಬ ಜರ್ಮನ್ ಪದದ ಗಿಡ್ಡ ರೂಪ ಅದು. ಹೊರಸಾಗಣೆಯ ಪಟ್ಟಿಯಿಂದ ತಮ್ಮನ್ನು ಬಿಡಬೇಕೆಂದು ಕೋರಿದ ಅರ್ಜಿಗಳು, ಅವುಗಳಿಗೆ ಲಗತ್ತಿಸಿದ ವೈದ್ಯರ ಚೀಟಿ, ದುಡಿಮೆಯ ಪ್ರಮಾಣಪತ್ರಗಳೂ ಉಳಿದಿವೆ. ಲಗತ್ತು ಸೇರಿಸಿದ ಅರ್ಜಿಗಳನ್ನು ನಾನೂ ಸಾವಿರಗಟ್ಟಲೆ ಕಂಡಿದ್ದೇನೆ, ಆದರೆ ಅವುಗಳಲ್ಲಿ ಕೇಳಿದ್ದು ಜಮೀನನ್ನೋ ಪಿಂಚಣಿಯನ್ನೋ. ಇಲ್ಲಿ ಕೇಳಿದ್ದು ಜೀವವನ್ನು.

ರುಮ್ಕೋವ್‌ಸ್ಕಿಯ ನಡೆಯನ್ನು ಮರೆಮಾಚಬೇಕೆಂದು ನಾನು ಹೇಳುತ್ತಿಲ್ಲ. 1942ರ ಸೆಪ್ಟೆಂಬರ್ 4ರಂದು, ಹತ್ತು ವರ್ಷದೊಳಗಿನ ಮಕ್ಕಳನ್ನು ಹೊರಸಾಗಣೆಗೆ ಒಪ್ಪಿಸಿರೆಂದು ಆತ ಹೆತ್ತವರನ್ನು ಬಹಿರಂಗವಾಗಿ ಕೇಳಿಕೊಂಡ. ಮುಂದಿನ ದಿನಗಳಲ್ಲಿ ಮಕ್ಕಳು, ವೃದ್ಧರು, ರೋಗಿಗಳು ಸೇರಿ 15,000ಕ್ಕೂ ಹೆಚ್ಚು ಜನರನ್ನು ಎಳೆದೊಯ್ದರು. ಆ ಭಾಷಣದ ವಿಚಾರಣೆ ನಡೆಯಲೇಬೇಕು. ಆದರೆ ಅದು ನಡೆಯಬೇಕಾದದ್ದು ಆತನ ಕಚೇರಿಯಲ್ಲೇ ಗುಮಾಸ್ತರು ಬರೆದಿಟ್ಟ ಕಾಗದಗಳನ್ನು ಮುಂದಿಟ್ಟುಕೊಂಡು. ಅವರನ್ನೂ ಆತನ ಸಾಲಿಗೆ ಸೇರಿಸಿ ಬದಿಗೆ ತಳ್ಳಿದರೆ ಸಾಕ್ಷಿಯೇ ಕಳೆದುಹೋಗುತ್ತದೆ.

1944ರ ಆಗಸ್ಟಿನಲ್ಲಿ ಉಳಿದವರನ್ನು ಔಶ್ವಿಟ್ಜ್ ಹತ್ಯಾಶಿಬಿರಕ್ಕೆ ಸಾಗಿಸಿದ ಮೇಲೆ, ಕಟ್ಟಡಗಳನ್ನು ತೆರವುಗೊಳಿಸಲು ಉಳಿಸಿಕೊಂಡಿದ್ದವರಲ್ಲಿ ಒಬ್ಬನಾದ, ಘೆಟ್ಟೊದ ಅಂಚೆಯಾಳಾಗಿದ್ದ ನಾಖ್ಮನ್ ಜೊನಾಬೆಂಡ್ ಈ ಕಾಗದಗಳ ಒಂದು ಭಾಗವನ್ನು ಅಡಗಿಸಿ ಕಾಪಾಡಿದ. ಇಂದು ಅವು ಲೋಡ್ಜ್‌ನ ಸರ್ಕಾರಿ ಅಭಿಲೇಖಾಲಯ, ನ್ಯೂಯಾರ್ಕ್ ಮತ್ತು ಜೆರುಸಲೇಮ್‌ಗಳಲ್ಲಿ ಹಂಚಿಹೋಗಿವೆ. ತಾವು ಈ ದಿನಚರಿಯ ಕೆಲವು ಪುಟಗಳನ್ನಾದರೂ ಕನ್ನಡಕ್ಕೆ ತರಿಸಿ, ಆ ಲೇಖನ ಬಂದ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ನೌಕರ, ಮೈಸೂರು